ಕೊನೆಯ ಸ್ಪಾರ್ಕ್ ಪ್ಲಗ್ ಬಿಚ್ಚಲು ಸಹಾಯ ಬೇಕು (ತುಮಕೂರು)

ನಮ್ಮ ಹಳೇ ಪೆಟ್ರೋಲ್ ಕಾರು ದೇವರಾಯನದುರ್ಗದ ಏರಿನಲ್ಲಿ ಜರ್ಕ್ ಹೊಡೆಯುತ್ತಿದೆ, ಐಡಲ್‌ನಲ್ಲೂ ನಡುಕ. ಅದಕ್ಕೇ ನಾಲ್ಕೂ ಸ್ಪಾರ್ಕ್ ಪ್ಲಗ್ ನಾನೇ ಬದಲಿಸುತ್ತಿದ್ದೇನೆ. ಎಂಜಿನ್ ಪೂರ್ತಿ ತಣ್ಣಗಾದ ಮೇಲೆ ಪ್ಲಗ್ ಮೇಲಿನ ಕಾಯಿಲ್ ಬಿಚ್ಚಿ, ಪ್ಲಗ್ ಕೂರುವ ಗುಂಡಿಯೊಳಗಿನ ಧೂಳಿಗೆ ಗಾಳಿ ಹೊಡೆದೆ. ಮೂರು ಪ್ಲಗ್ ಸಲೀಸಾಗಿ ಬಂದವು.

ತೊಂದರೆ ಇರುವುದು ನಾಲ್ಕನೆಯದ್ದರಲ್ಲಿ. ಒಂದು ಕಡೆ ವೈಪರ್ ಕೆಳಗಿನ ಪ್ಲಾಸ್ಟಿಕ್ ಕವರ್, ಇನ್ನೊಂದು ಕಡೆ ದಪ್ಪ ಹೋಸ್, ಮಧ್ಯೆ ಕೈ ಏನೋ ಹೋಗುತ್ತದೆ ಆದರೆ ಸಾಕೆಟ್ ತಿರುಗಿಸುವ ಹಿಡಿಯಾದ ರ‍್ಯಾಚೆಟ್ ತಿರುಗಿಸಲು ಜಾಗವೇ ಇಲ್ಲ. ಉದ್ದ ಎಕ್ಸ್‌ಟೆನ್ಷನ್ ರಾಡ್ ನೇರವಾಗಿ ಇಳಿಯುವುದಿಲ್ಲ. ಯೂನಿವರ್ಸಲ್ ಜಾಯಿಂಟ್ (ಬಾಗುವ ಜೋಡಣೆ) ಹಾಕಿದರೆ ಸಾಕೆಟ್ ವಾಲುತ್ತದೆ, ಹಾಗೇ ಬಲ ಹಾಕಿದರೆ ಪ್ಲಗ್‌ನ ಪಿಂಗಾಣಿ ಸೀಳಬಹುದು ಅಲ್ವಾ? ಸಾಕೆಟ್ ಮೊದಲು ಇಳಿಸಿ, ಆಮೇಲೆ ಚಿಕ್ಕ ಎಕ್ಸ್‌ಟೆನ್ಷನ್‌ಗಳನ್ನು ಗುಂಡಿಯಲ್ಲೇ ಒಂದೊಂದಾಗಿ ಜೋಡಿಸಿದರೆ ಆಗುತ್ತದಾ, ಇಲ್ಲ ಆ ಕವರ್ ಬಿಚ್ಚಲೇಬೇಕಾ?

ಇನ್ನೊಂದು ವಿಷಯ. ಆ ಗುಂಡಿಯ ತಳದಲ್ಲಿ ಎಂಜಿನ್ ಆಯಿಲ್ ನಿಂತಿದೆ, ವಾಲ್ವ್ ಕವರ್ ಕಡೆಯ ಸೀಲ್ ಹೋಗಿರಬೇಕು. ಪ್ಲಗ್ ತೆಗೆದರೆ ಅದು ಸಿಲಿಂಡರ್‌ಗೆ ಇಳಿಯುತ್ತದೆ, ಹಾಗಾಗಿ ಮೊದಲು ಹೀರಿ ತೆಗೆಯಬೇಕು. ಅಷ್ಟು ಆಳಕ್ಕೆ ನೀವು ಏನು ಬಳಸುತ್ತೀರಿ? ಸಿರಿಂಜಿಗೆ ಪೈಪ್ ಸಿಕ್ಕಿಸಿದರೆ ಸಾಕಾ?

ಸುಮ್ನೆ ಜೋರಾಗಿ ತಿರುಗಿಸಿ ಅಂತ ಮಾತ್ರ ಹೇಳಬೇಡಿ. ಪ್ಲಗ್ ಕೂರುವ ಎಂಜಿನ್ ಹೆಡ್ ಅಲ್ಯೂಮಿನಿಯಂದು, ಥ್ರೆಡ್ ಹೋದರೆ ಖರ್ಚು ಜಾಸ್ತಿ. ಹೊಸ ಪ್ಲಗ್ ಕೂರಿಸಲು ಟಾರ್ಕ್ ವ್ರೆಂಚ್ (ಎಷ್ಟು ಬಿಗಿಯಾಯಿತು ಅಂತ ಅಳೆಯುವ ಪಾನಾ) ಕೂಡ ಬೇಕು. ಶಿರಾ ಗೇಟ್, ಬಟವಾಡಿ, ಕ್ಯಾತ್ಸಂದ್ರ ಕಡೆ ಯಾರ ಹತ್ತಿರ ಇದ್ದರೂ ತಿಳಿಸಿ, ನಾನೇ ಬಂದು ತೆಗೆದುಕೊಂಡು ಹೋಗಿ ಸಂಜೆಯೊಳಗೆ ವಾಪಸ್ ಕೊಡುತ್ತೇನೆ. ಬಾಡಿಗೆಯಾದರೂ ಪರವಾಗಿಲ್ಲ.