ಡ್ರಾ ಸಾಕಾಗಿದ್ದ ತಂಡ ಸೋತದ್ದೇಕೆ? ಸ್ಪೇನ್‌ನ ಎರಡನೇ ಡಿವಿಷನ್, 2022–23

ಪ್ರಶ್ನೆ: ಕಂಠೀರವ ಗ್ಯಾಲರಿ

ನಮಸ್ಕಾರ. ಬೆಂಗಳೂರು ಎಫ್‌ಸಿ ತಂಡಕ್ಕೆ ಮೊದಲು ಆಲ್ಬರ್ಟ್ ರೋಕಾ, ಆಮೇಲೆ ಕಾರ್ಲೆಸ್ ಕ್ವಾದ್ರಾತ್ ಕೋಚ್ ಆಗಿದ್ದ ವರ್ಷಗಳಲ್ಲಿ ನನಗೆ ಸ್ಪೇನ್‌ನ ಫುಟ್‌ಬಾಲ್ ಗೀಳು ಹತ್ತಿತು. ಮ್ಯಾಡ್ರಿಡ್ ಮತ್ತು ಬಾರ್ಸಿಲೋನಾಗಳ ಕಥೆ ಎಲ್ಲರ ಬಾಯಲ್ಲೂ ಇರುವುದರಿಂದ, ಅವುಗಳಿಗಿಂತ ಒಂದು ಮೆಟ್ಟಿಲು ಕೆಳಗಿರುವ ಸೆಗುಂಡಾ ಡಿವಿಷನ್‌ನ ಹಳೆಯ ಋತುಗಳನ್ನು ಈಗ ಒಂದೊಂದಾಗಿ ನೋಡುತ್ತಿದ್ದೇನೆ. 2022–23ರ ಋತುವಿಗೆ ಬಂದಾಗ ಒಂದು ಕಡೆ ಸಿಕ್ಕಿಹಾಕಿಕೊಂಡೆ.

ಆ ವರ್ಷ ಗ್ರಾನಡಾ 75 ಪಾಯಿಂಟ್‌ಗಳಿಂದ ಮೊದಲ ಸ್ಥಾನ ಪಡೆಯಿತು. ಲಾಸ್ ಪಾಲ್ಮಸ್ ಮತ್ತು ಲೆವಾಂಟೆ ತಲಾ 72, ಅಲಾವೆಸ್ ಮತ್ತು ಐಬಾರ್ ತಲಾ 71 ಪಾಯಿಂಟ್ ಗಳಿಸಿದವು. ಆರನೆಯ ಅಲ್ಬಸೆಟೆಗೆ 67 ಸಿಕ್ಕಿತು. ಮೊದಲ ಎರಡು ತಂಡಗಳು ನೇರವಾಗಿ ಮೇಲಿನ ಡಿವಿಷನ್‌ಗೆ ಹೋದವು. ಉಳಿದ ನಾಲ್ಕು ತಂಡಗಳು ಪ್ಲೇ ಆಫ್ ಆಡಿ, ಕೊನೆಗೆ ಲೆವಾಂಟೆ ಮತ್ತು ಅಲಾವೆಸ್ ಫೈನಲ್‌ಗೆ ಬಂದವು. ಅಲಾವೆಸ್‌ನ ತವರು ವಿಟೋರಿಯಾದಲ್ಲಿ ನಡೆದ ಮೊದಲ ಪಂದ್ಯ 0–0. ಜೂನ್ 17ರಂದು ವೆಲೆನ್ಸಿಯಾದಲ್ಲಿ ನಡೆದ ಎರಡನೇ ಪಂದ್ಯವೂ 120 ನಿಮಿಷ ಮುಗಿದಾಗ 0–0. ಅಷ್ಟರಲ್ಲೇ ಸೀಟಿ ಊದಿದ್ದರೆ ಲೆವಾಂಟೆ ಮೇಲೇರುತ್ತಿತ್ತು ಎಂದು ವೀಕ್ಷಕ ವಿವರಣೆಕಾರರು ಹೇಳುತ್ತಿದ್ದರು. ಆದರೆ ವಿಎಆರ್ (ವಿಡಿಯೊ ನೋಡಿ ತೀರ್ಪು ಪರಿಶೀಲಿಸುವ ವ್ಯವಸ್ಥೆ) ಪರಿಶೀಲನೆಯ ನಂತರ ಲೆವಾಂಟೆಯ ಡಿಫೆಂಡರ್ ರೋಬರ್ ಪಿಯರ್ ಅವರ ಕೈಗೆ ಚೆಂಡು ತಗುಲಿದ್ದಕ್ಕೆ ಪೆನಾಲ್ಟಿ ಕೊಡಲಾಯಿತು. ಅಸಿಯೆರ್ ವಿಯಾಲಿಬ್ರೆ 129ನೇ ನಿಮಿಷದಲ್ಲಿ ಅದನ್ನು ಗೋಲಾಗಿಸಿದರು.

ನನ್ನ ಪ್ರಶ್ನೆ ಎರಡು. ಪೆನಾಲ್ಟಿ ಶೂಟೌಟ್ ಇಲ್ಲದೆ ಡ್ರಾದಲ್ಲೇ ಲೆವಾಂಟೆ ಗೆಲ್ಲುವ ಸ್ಥಿತಿ ಹೇಗೆ ಬಂದಿತ್ತು? ಮತ್ತು, 42 ಪಂದ್ಯಗಳಲ್ಲಿ ಎದುರಾಳಿಗಿಂತ ಮೇಲಿದ್ದ ತಂಡ ಒಂದು ಹ್ಯಾಂಡ್‌ಬಾಲ್‌ನಿಂದ ಎಲ್ಲವನ್ನೂ ಕಳೆದುಕೊಳ್ಳುವುದು ನ್ಯಾಯವೇ? ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುತ್ತೇವೆ. ಇಲ್ಲಿ ತುತ್ತು ತಪ್ಪಿದ್ದೇ ಕೈಯಿಂದ.

ಉತ್ತರ: ಲೆಕ್ಕದ ಮೇಷ್ಟ್ರು

ಮೊದಲ ಪ್ರಶ್ನೆಗೆ ಉತ್ತರ ಸರಳವಾಗಿದೆ. ಸೆಗುಂಡಾದ ಪ್ಲೇ ಆಫ್‌ನಲ್ಲಿ ಎರಡೂ ಪಂದ್ಯಗಳ ಒಟ್ಟು ಗೋಲುಗಳು ಸಮನಾಗಿದ್ದರೆ ಹೆಚ್ಚುವರಿ ಅವಧಿ ಆಡಿಸುತ್ತಾರೆ. ಅದಾದ ಮೇಲೂ ಸಮನಾಗಿದ್ದರೆ ಶೂಟೌಟ್ ಇಲ್ಲ, ಲೀಗ್ ಪಟ್ಟಿಯಲ್ಲಿ ಮೇಲಿದ್ದ ತಂಡ ಗೆದ್ದಂತೆ. ಎರಡನೇ ಪಂದ್ಯ ನಡೆಯುವುದೂ ಆ ತಂಡದ ತವರಿನ ಅಂಗಳದಲ್ಲಿಯೇ. ಆದ್ದರಿಂದ ನೀವು ಕೇಳಿದ ನ್ಯಾಯದ ಒಂದು ಪಾಲನ್ನು ನಿಯಮವೇ ಕೊಟ್ಟಿತ್ತು: 42 ಪಂದ್ಯಗಳ ದುಡಿಮೆಗೆ ಪ್ರತಿಫಲವಾಗಿ ಮೂರನೇ ಸ್ಥಾನದ ಲೆವಾಂಟೆ ಎರಡು ಡ್ರಾಗಳಿಂದಲೇ ಮೇಲೇರಬಹುದಾಗಿತ್ತು, ನಾಲ್ಕನೆಯ ಅಲಾವೆಸ್ ಮಾತ್ರ ಗೆಲ್ಲಲೇಬೇಕಾಗಿತ್ತು.

ಎರಡನೆಯ ಪ್ರಶ್ನೆಗೆ ನನ್ನ ಉತ್ತರ ಬೇರೆ. ಲೆವಾಂಟೆಯ ಬಡ್ತಿ ತಪ್ಪಿದ್ದು 129ನೇ ನಿಮಿಷದಲ್ಲಿ ಅಲ್ಲ, ಅದಕ್ಕಿಂತ ಎಷ್ಟೋ ವಾರ ಮೊದಲು. ಆ ವರ್ಷದ ಲೆವಾಂಟೆ ಸುಲಭಕ್ಕೆ ಸೋಲದ ತಂಡ. ಮೆಹ್ದಿ ನಫ್ತಿ ಅವರನ್ನು ಕೈಬಿಟ್ಟು ಜಾವಿ ಕಯೆಹಾ ಅವರನ್ನು ಕೋಚ್ ಆಗಿ ತಂದ ಮೇಲೆ ಅದು ದೀರ್ಘಕಾಲ ಸೋಲನ್ನೇ ಕಾಣಲಿಲ್ಲ. ಆದರೆ ಸೋಲದಿರುವುದು ಬೇರೆ, ಗೆಲ್ಲುವುದು ಬೇರೆ. ಒಂದು ಗೆಲುವಿಗೆ ಮೂರು ಪಾಯಿಂಟ್ ಕೊಡುವ ಲೀಗ್‌ನಲ್ಲಿ ಎರಡು ಪಂದ್ಯ ಡ್ರಾ ಮಾಡಿಕೊಂಡ ತಂಡಕ್ಕಿಂತ ಒಂದನ್ನು ಗೆದ್ದು ಒಂದನ್ನು ಸೋತ ತಂಡ ಮುಂದಿರುತ್ತದೆ. ಗ್ರಾನಡಾ ಲೆವಾಂಟೆಗಿಂತ ಹೆಚ್ಚು ಪಂದ್ಯಗಳನ್ನು ಸೋತಿತು. ತವರಿನಲ್ಲಿ ಹುಲಿಯಾಗಿದ್ದ ಆ ತಂಡ ಹೊರಗಡೆ ಅನೇಕ ಸಲ ಮುಗ್ಗರಿಸಿತು. ಆದರೂ ಮಿರ್ತೋ ಉಜುನಿ ಅವರ 23 ಗೋಲುಗಳ ಬಲದಿಂದ, ಗೆಲ್ಲಬೇಕಾದದ್ದನ್ನು ಗೆದ್ದು ಮೊದಲ ಸ್ಥಾನಕ್ಕೆ ಬಂದಿತು.

ಕೊನೆಯ ದಿನದ ಪಟ್ಟಿಯನ್ನೂ ನೋಡಿ. ಆಗ ಐದು ತಂಡಗಳಿಗೆ ನೇರ ಬಡ್ತಿಯ ಆಸೆ ಜೀವಂತವಾಗಿತ್ತು. ಗ್ರಾನಡಾ ತನ್ನ ಅಂಗಳದಲ್ಲಿ ಲೆಗಾನೆಸ್ ತಂಡವನ್ನು 2–0 ಅಂತರದಲ್ಲಿ ಸೋಲಿಸಿತು. ಲಾಸ್ ಪಾಲ್ಮಸ್ ಮತ್ತು ಅಲಾವೆಸ್ ಪರಸ್ಪರ 0–0 ಡ್ರಾ ಮಾಡಿಕೊಂಡವು. ಐಬಾರ್ ಉಯೆಸ್ಕಾದಲ್ಲಿ ಸೋತಿತು. ಇದರ ಹಿಂದಿನ ವರ್ಷವೂ ಅದೇ ಐಬಾರ್, ಆಗಲೇ ಕೆಳಗಿಳಿಯುವುದು ಖಚಿತವಾಗಿದ್ದ ಅಲ್ಕೊರ್ಕೊನ್ ಎದುರು ಕೊನೆಯ ಗಳಿಗೆಯ ಗೋಲಿನಿಂದ ಸೋತು ನೇರ ಬಡ್ತಿ ಕಳೆದುಕೊಂಡಿತ್ತು ಎಂಬುದನ್ನು ನೆನೆದರೆ ಯಾರ ಮೇಲೆ ಮರುಕಪಡಬೇಕೆಂದು ತಿಳಿಯುವುದಿಲ್ಲ. ಅದೇ ಸಂಜೆ ಲೆವಾಂಟೆ ಒಂದು ಗೆಲುವು ಪಡೆದಿದ್ದರೆ ಪ್ಲೇ ಆಫ್‌ನ ಗೊಡವೆಯೇ ಇರುತ್ತಿರಲಿಲ್ಲ. ಅದು ಮತ್ತೆ ಡ್ರಾ ಮಾಡಿಕೊಂಡಿತು.

ಲೆವಾಂಟೆಯ ಅಡ್ಡಹೆಸರು ‘ಗ್ರಾನೋಟಾ’, ಅಂದರೆ ಕಪ್ಪೆ. ಒಂದೊಂದು ಪಾಯಿಂಟ್ ಅಂತರದಲ್ಲಿ ನಿಂತ ಇಂಥ ತಂಡಗಳಲ್ಲಿ ಯಾವುದು ನಿಜವಾಗಿ ಮೇಲು ಎಂದು ನಿರ್ಧರಿಸುವುದು ಕಪ್ಪೆಗಳನ್ನು ತಕ್ಕಡಿಗೆ ಹಾಕಿ ತೂಗಿದಂತೆಯೇ ಸರಿ.

ಇನ್ನೊಂದು ಸಂಗತಿಯನ್ನು ಹೇಳಿ ಮುಗಿಸುತ್ತೇನೆ, ಏಕೆಂದರೆ ನನ್ನ ಮಟ್ಟಿಗೆ ಇದೇ ಮುಖ್ಯ. 2020ರ ಫೈನಲ್‌ನಲ್ಲಿ ಐದನೇ ಸ್ಥಾನದ ಜಿರೋನಾಗೆ ತವರಿನಲ್ಲಿ ಡ್ರಾ ಸಾಕಾಗಿತ್ತು. ಆರನೆಯ ಎಲ್ಚೆಯ ಪೆರೆ ಮಿಯಾ ಇಂಜುರಿ ಸಮಯದಲ್ಲಿ ತಲೆಯಿಂದ ಗೋಲು ಹೊಡೆದರು. 2021ರಲ್ಲಿ ಮತ್ತೆ ಐದನೆಯದಾಗಿ ಬಂದ ಜಿರೋನಾ ತವರಿನಲ್ಲಿ ರಾಯೊ ವಯೆಕಾನೊ ಎದುರು 0–2ರಿಂದ ಸೋತಿತು. 2022ರಲ್ಲಿ ಐದನೆಯ ತೆನೆರೀಫೆ ತನ್ನ ಅಂಗಳದಲ್ಲಿ ಆರನೆಯ ಜಿರೋನಾಗೆ 1–3ರಿಂದ ಶರಣಾಯಿತು. 2023ರಲ್ಲಿ ಲೆವಾಂಟೆ. ಸತತ ನಾಲ್ಕು ವರ್ಷ, ಮೇಲಿನ ಸ್ಥಾನದ ತಂಡ ತನ್ನದೇ ಜನರ ಮುಂದೆ (2020ರಲ್ಲಿ ಕೋವಿಡ್ ಕಾರಣದಿಂದ ಖಾಲಿ ಕುರ್ಚಿಗಳ ಮುಂದೆ) ಬಡ್ತಿಯನ್ನು ಬಿಟ್ಟುಕೊಟ್ಟಿದೆ. ಡ್ರಾ ಸಾಕೆಂಬ ಅನುಕೂಲ ಕಾಲಿಗೆ ಕಟ್ಟಿದ ಗುಂಡಾಗಿ ಪರಿಣಮಿಸುತ್ತದೆ ಎಂಬುದು ನನ್ನ ತೀರ್ಮಾನ.

ಉತ್ತರ: ವಿಟ್ಲದ ಗೋಲಿ

ಮೇಷ್ಟ್ರ ಅಂಕಿಗಳ ಬಗ್ಗೆ ತಕರಾರಿಲ್ಲ, ತೀರ್ಮಾನದ ಬಗ್ಗೆ ಇದೆ. ಅವರು ಎಣಿಸಿದ ನಾಲ್ಕು ಫೈನಲ್‌ಗಳು ಒಂದೇ ಬಗೆಯವಲ್ಲ. 2021ರಲ್ಲಿ ಜಿರೋನಾ ಮೊದಲ ಪಂದ್ಯವನ್ನು ರಾಯೊ ಅಂಗಳದಲ್ಲಿ 2–1ರಿಂದ ಗೆದ್ದು ಬಂದಿತ್ತು. ಆ ದಿನ ಅದು ಉಳಿಸಿಕೊಳ್ಳಬೇಕಾಗಿದ್ದುದು ಗೋಲಿನ ಮುನ್ನಡೆಯನ್ನು, ಪಟ್ಟಿಯ ಸ್ಥಾನವನ್ನಲ್ಲ. 2022ರಲ್ಲಿ ತೆನೆರೀಫೆ ಮೂರು ಗೋಲು ತಿಂದಿತು. ಅಲ್ಲಿ ಸೋಲಿಗೆ ಮನಸ್ಸಿನ ಭಾರಕ್ಕಿಂತ ಜಿರೋನಾದ ಆಟವೇ ಕಾರಣ. ಸೂತ್ರಕ್ಕೆ ನಿಜವಾಗಿ ಹೊಂದುವುದು 2020 ಮತ್ತು 2023 ಮಾತ್ರ. ಅದಲ್ಲದೆ, 2024ರಲ್ಲಿ ನಾಲ್ಕನೆಯ ಎಸ್ಪಾನ್ಯೋಲ್ ಮೊದಲ ಪಂದ್ಯವನ್ನು 0–1ರಿಂದ ಸೋತರೂ ತವರಿನಲ್ಲಿ ಓವಿಯೆಡೊ ತಂಡವನ್ನು 2–0ರಿಂದ ಮಣಿಸಿ ಮೇಲೇರಿತು.

ನಾನು ಕಾಲೇಜು ದಿನಗಳಲ್ಲಿ ಗೋಲ್‌ಕೀಪರ್ ಆಗಿದ್ದವನು. ಲೀಗ್ ಮಾದರಿಯ ಒಂದು ಪಂದ್ಯಾವಳಿಯ ಕೊನೆಯ ಪಂದ್ಯದಲ್ಲಿ ನಮಗೆ ಡ್ರಾ ಸಾಕಾಗಿತ್ತು. ಅರ್ಧ ಗಂಟೆ ಉಳಿದಿರುವಾಗಲೇ ನಮ್ಮ ಹತ್ತು ಮಂದಿಯೂ ನನ್ನ ಮುಂದೆ ಬಂದು ನಿಂತರು. ನನಗೆ ಚೆಂಡೇ ಕಾಣದಾಯಿತು. ಹೀಗಾಗಿ ಮೇಷ್ಟ್ರು ಹೇಳುವ ಭಾರ ನನಗೆ ಗೊತ್ತಿಲ್ಲದ್ದೇನಲ್ಲ. (ಆ ಪಂದ್ಯ ಡ್ರಾ ಆಯಿತು, ನಾವು ಕಪ್ ಗೆದ್ದೆವು ಎಂಬುದನ್ನೂ ಪ್ರಾಮಾಣಿಕವಾಗಿ ಸೇರಿಸಬೇಕು.)

ಲೆವಾಂಟೆಯ ವಿಷಯದಲ್ಲಿ ನನಗೆ ಅನ್ಯಾಯವೆನಿಸುವುದು ಹ್ಯಾಂಡ್‌ಬಾಲ್ ನಿಯಮ. ಜನರಿಂದ ತುಂಬಿದ ಪೆನಾಲ್ಟಿ ಬಾಕ್ಸ್‌ನಲ್ಲಿ ನೆಗೆಯುವ ಡಿಫೆಂಡರ್ ತನ್ನ ಕೈಗಳನ್ನು ಎಲ್ಲಿಟ್ಟುಕೊಳ್ಳಬೇಕು? ಮೈದಾನದಲ್ಲಿ ನಿಂತವರಿಗೆ ಆ ಕ್ಷಣದಲ್ಲಿ ಸ್ಪಷ್ಟವಾಗಿ ಕಾಣದ ತಗುಲುವಿಕೆಯನ್ನು ಪರದೆಯ ಮೇಲೆ ನಿಧಾನಗತಿಯಲ್ಲಿ ತಿರುತಿರುಗಿಸಿ ನೋಡಿ ಇಡೀ ವರ್ಷದ ತೀರ್ಪು ಕೊಡುವುದು ನಿಯಮಬದ್ಧವಾಗಿರಬಹುದು, ನನಗೆ ಒಪ್ಪಿತವಲ್ಲ. ಆದರೂ ಅಲಾವೆಸ್ ಕದ್ದು ಗೆದ್ದಿತೆಂದು ಹೇಳಲಾರೆ. 129ನೇ ನಿಮಿಷದಲ್ಲಿ, ಎದುರಾಳಿ ಅಭಿಮಾನಿಗಳ ಸದ್ದಿನ ನಡುವೆ ಪೆನಾಲ್ಟಿ ಹೊಡೆಯಲು ಎದೆಗಾರಿಕೆ ಬೇಕು. ವಿಯಾಲಿಬ್ರೆ ಜನವರಿಯಲ್ಲಿ ಅಥ್ಲೆಟಿಕ್ ಬಿಲ್ಬಾವೊದಿಂದ ಎರವಲಾಗಿ ಬಂದವರು. ಅಂದರೆ ಅಲಾವೆಸ್‌ನ ಭವಿಷ್ಯವನ್ನು ಬರೆದದ್ದು ಆ ಊರಿಗೆ ಅರ್ಧ ವರ್ಷದ ಅತಿಥಿ.

ಉತ್ತರ: ಮಡಿಕೇರಿ–ವೆಲೆನ್ಸಿಯಾ

ಓದಿನ ಸಲುವಾಗಿ ಎರಡು ವರ್ಷ ವೆಲೆನ್ಸಿಯಾದಲ್ಲಿದ್ದೆ. ನಗರದ ಉತ್ತರದ ಓರಿಯೋಲ್ಸ್ ಬಡಾವಣೆಯಲ್ಲಿ ಲೆವಾಂಟೆಯ ಕ್ರೀಡಾಂಗಣವಿದೆ. ಹತ್ತು ವರ್ಷ ಹಿರಿಯ ಕ್ಲಬ್ ಆಗಿದ್ದರೂ (1909ರಲ್ಲಿ ಹುಟ್ಟಿದ್ದು), ವೆಲೆನ್ಸಿಯಾ ಸಿಎಫ್‌ನ ನೆರಳಿನಲ್ಲೇ ಬದುಕಿದ ತಂಡ ಅದು. ಅಲ್ಲಿಯವರಿಗೆ ಆ ಫೈನಲ್ ಏಕೆ ಅಷ್ಟು ನೋಯುತ್ತದೆ ಎಂಬುದಕ್ಕೆ ಎರಡು ವಿಷಯ ಸೇರಿಸುತ್ತೇನೆ.

ಮೊದಲನೆಯದು, ಅಂದು ಎರಡೂ ಬೆಂಚ್‌ಗಳಲ್ಲಿ ಕುಳಿತವರು ಎದುರಾಳಿಯ ಮನೆಯನ್ನು ಬಲ್ಲವರು. ಲೆವಾಂಟೆಯ ಕಯೆಹಾ 2021ರಲ್ಲಿ ಅಲಾವೆಸ್ ತಂಡವನ್ನು ಹಿಂಬಡ್ತಿಯಿಂದ ಉಳಿಸಿ, ಅದೇ ವರ್ಷದ ಡಿಸೆಂಬರ್‌ನಲ್ಲಿ ಅಲ್ಲಿಂದ ಹೊರಬಿದ್ದವರು. ಅಲಾವೆಸ್‌ನ ಲೂಯಿಸ್ ಗಾರ್ಸಿಯಾ ಪ್ಲಾಸಾ 2010ರಲ್ಲಿ ಇದೇ ಲೆವಾಂಟೆಯನ್ನು ಮೊದಲ ಡಿವಿಷನ್‌ಗೆ ಏರಿಸಿದ ಕೋಚ್. ಓರಿಯೋಲ್ಸ್‌ನಲ್ಲಿ ಒಮ್ಮೆ ಜನರನ್ನು ಕುಣಿಸಿದ ವ್ಯಕ್ತಿಯೇ ಅಂದು ಅವರನ್ನು ಅಳಿಸಿ ಹೋದರು.

ಎರಡನೆಯದು ಹಣ. 2015ರ ಕಾನೂನಿನ ಪ್ರಕಾರ ಸ್ಪೇನ್‌ನ ಲೀಗ್ ಪ್ರಸಾರ ಹಕ್ಕುಗಳನ್ನು ಒಟ್ಟಾಗಿ ಮಾರಲಾಗುತ್ತದೆ. ಹಂಚಿಕೆಯಲ್ಲಿ ಶೇ 90 ಮೊದಲ ಡಿವಿಷನ್‌ನ 20 ಕ್ಲಬ್‌ಗಳಿಗೆ, ಶೇ 10 ಮಾತ್ರ ಎರಡನೇ ಡಿವಿಷನ್‌ನ 22 ಕ್ಲಬ್‌ಗಳಿಗೆ ಹೋಗುತ್ತದೆ. ಕೆಳಗಿಳಿದ ಕ್ಲಬ್‌ಗೆ ಸ್ವಲ್ಪ ಸಹಾಯಧನ ಇದ್ದರೂ ಅದು ಹೆಚ್ಚು ಕಾಲ ಬಾಳುವುದಿಲ್ಲ. ಹೀಗಾಗಿ ಮೊದಲ ಪ್ರಯತ್ನದಲ್ಲೇ ಮರಳದಿದ್ದರೆ ಆಟಗಾರರ ಸಂಬಳ ಹೊರುವುದೇ ಕಷ್ಟವಾಗುತ್ತದೆ. 2022ರಲ್ಲಿ ಮೇಲಿನಿಂದ ಬಿದ್ದ ಮೂರು ತಂಡಗಳು ಗ್ರಾನಡಾ, ಲೆವಾಂಟೆ ಮತ್ತು ಅಲಾವೆಸ್. ಒಂದೇ ವರ್ಷದಲ್ಲಿ ಮೊದಲನೆಯದೂ ಮೂರನೆಯದೂ ಮರಳಿದವು. ನಡುವಿನದು ಒಂದೇ ಉಳಿಯಿತು.

ಅದೇ ಋತುವಿನಲ್ಲಿ ಕೆಳಗಿನ ತುದಿಯಲ್ಲಿ ಏನಾಯಿತೆಂದು ಯಾರೂ ಹೇಳಲಿಲ್ಲ. 2013ರಲ್ಲಿ ಚಾಂಪಿಯನ್ಸ್ ಲೀಗ್‌ನ ಕ್ವಾರ್ಟರ್‌ಫೈನಲ್ ಆಡಿದ ಮಲಗಾ ಮೂರನೇ ಹಂತಕ್ಕೆ ಕುಸಿಯಿತು. ಲೆವಾಂಟೆಯ ನೋವಿಗೆ ಅಳುವಾಗ ಮಲಗಾದವರ ಕಡೆಗೂ ಒಮ್ಮೆ ನೋಡಬೇಕು.

ಪ್ರಶ್ನೆ ಕೇಳಿದವರು: ಕಂಠೀರವ ಗ್ಯಾಲರಿ

ಎಲ್ಲರಿಗೂ ಧನ್ಯವಾದ. ಕೋಚ್‌ಗಳ ವಿಷಯ ನನಗೆ ಗೊತ್ತೇ ಇರಲಿಲ್ಲ. ಕೊನೆಯ ದಿನದ ಡ್ರಾವನ್ನು ಮೇಷ್ಟ್ರು ನೆನಪಿಸಿದ ಮೇಲೆ ‘ಅನ್ಯಾಯ’ ಎಂಬ ನನ್ನ ಮಾತನ್ನು ಅರ್ಧ ಹಿಂತೆಗೆದುಕೊಳ್ಳುತ್ತೇನೆ. ಹ್ಯಾಂಡ್‌ಬಾಲ್ ಕುರಿತ ಉಳಿದರ್ಧವನ್ನು ವಿಟ್ಲದವರ ಜೊತೆ ಹಂಚಿಕೊಳ್ಳುತ್ತೇನೆ. ಇನ್ನೊಂದೇ ಸಂಶಯ: ಎರಡನೇ ಸ್ಥಾನದ ಲಾಸ್ ಪಾಲ್ಮಸ್ ಕೊನೆಯ ದಿನ ಗೋಲೇ ಇಲ್ಲದ ಡ್ರಾಗೆ ಅಷ್ಟೊಂದು ಸಂಭ್ರಮಪಟ್ಟದ್ದೇಕೆ? ಅವರೂ ಡ್ರಾ ಕಾಯ್ದುಕೊಂಡವರೇ ಅಲ್ಲವೇ?

ಉತ್ತರ: ಲೆಕ್ಕದ ಮೇಷ್ಟ್ರು

ಪ್ಲೇ ಆಫ್ ಎಂದರೆ ಅವರಿಗಿರುವ ಭಯವೇ ಅದಕ್ಕೆ ಕಾರಣವೆಂದು ಕಾಣುತ್ತದೆ. 2014ರ ಜೂನ್ 22ರಂದು ಅದೇ ಗ್ರಾನ್ ಕನಾರಿಯಾ ಕ್ರೀಡಾಂಗಣದಲ್ಲಿ ಪ್ಲೇ ಆಫ್ ಫೈನಲ್‌ನ ಎರಡನೇ ಪಂದ್ಯ ನಡೆದು, ಕೊರ್ದೊಬಾ ಎದುರು ಲಾಸ್ ಪಾಲ್ಮಸ್ 1–0 ಮುಂದಿತ್ತು. ಆಟ ಮುಗಿಯುವ ಮೊದಲೇ ಅಭಿಮಾನಿಗಳು ಸಂಭ್ರಮದಲ್ಲಿ ಮೈದಾನಕ್ಕೆ ನುಗ್ಗಿದರು. ಆಟ ನಿಂತು, ಮತ್ತೆ ಶುರುವಾದ ಕೆಲವೇ ಕ್ಷಣಗಳಲ್ಲಿ ಕೊರ್ದೊಬಾ ಗೋಲು ಹೊಡೆಯಿತು. ಮೊದಲ ಪಂದ್ಯ 0–0 ಆಗಿದ್ದು, ಹೊರಗಿನ ಅಂಗಳದ ಗೋಲಿಗೆ ಹೆಚ್ಚು ಬೆಲೆ ಇದ್ದ ಕಾಲವಾದ್ದರಿಂದ ಬಡ್ತಿ ಪಡೆದದ್ದು ಕೊರ್ದೊಬಾ. ಅದನ್ನು ಕಂಡವರು ಒಂಬತ್ತು ವರ್ಷದ ನಂತರ ಕೋಚ್ ಗಾರ್ಸಿಯಾ ಪಿಮಿಯೆಂಟಾ ಅವರ ಲಾಸ್ ಪಾಲ್ಮಸ್ ತಂಡ 0–0 ಉಳಿಸಿಕೊಂಡು ನೇರವಾಗಿ ಮೇಲೇರಿದಾಗ ನಿಟ್ಟುಸಿರು ಬಿಟ್ಟದ್ದರಲ್ಲಿ ಆಶ್ಚರ್ಯವೇನು?

ವಿಟ್ಲದವರಿಗೂ ಒಂದು ಮಾತು. ನನ್ನ ಸೂತ್ರಕ್ಕೆ ನೀವು ಕೊಟ್ಟ 2024ರ ಉದಾಹರಣೆಗಿಂತ ಗಟ್ಟಿಯಾದ ಪ್ರತಿವಾದ 2025ರಲ್ಲಿದೆ. ನಾನೇ ಅದನ್ನು ನಿಮ್ಮ ಕೈಗೆ ಕೊಡುತ್ತೇನೆ. ಲೆವಾಂಟೆ 79 ಪಾಯಿಂಟ್‌ಗಳಿಂದ ಮೊದಲನೆಯದಾಗಿ, ಪ್ಲೇ ಆಫ್‌ನ ಹಂಗಿಲ್ಲದೆ ಮರಳಿದ ವರ್ಷ ಅದು. ಪ್ಲೇ ಆಫ್ ಫೈನಲ್‌ನಲ್ಲಿ ಮೂರನೇ ಸ್ಥಾನದ ಓವಿಯೆಡೊ ಮೊದಲ ಪಂದ್ಯವನ್ನು ಮಿರಾಂದೇಸ್ ಎದುರು 0–1ರಿಂದ ಸೋತಿತು; ತವರಿನಲ್ಲೂ ಮೊದಲ ಗೋಲು ತಿಂದಿತು. ಅನಂತರ 40 ವರ್ಷದ ಸಾಂತಿ ಕಾಸೋರ್ಲಾ ಪೆನಾಲ್ಟಿಯಿಂದ ಒಂದು, ಇಲ್ಯಾಸ್ ಚೈರಾ ಇನ್ನೊಂದು ಗೋಲು ಹೊಡೆದು ಒಟ್ಟು ಲೆಕ್ಕವನ್ನು 2–2ಕ್ಕೆ ತಂದರು. ಆ ಕ್ಷಣದಿಂದ ಓವಿಯೆಡೊಗೂ ಡ್ರಾ ಸಾಕಾಗಿತ್ತು. ಅದು ಹಿಂದೆ ಸರಿದು ಕಾಯಲಿಲ್ಲ; ಹೆಚ್ಚುವರಿ ಅವಧಿಯಲ್ಲಿ ಪೊರ್ತಿಯೋ ಮೂರನೆಯದನ್ನೂ ಹೊಡೆದರು, 24 ವರ್ಷಗಳ ನಂತರ ಓವಿಯೆಡೊ ಮೊದಲ ಡಿವಿಷನ್‌ಗೆ ಬಂದಿತು.