ಮತಕ್ಕೂ ಮದ್ಯಕ್ಕೂ ಕರಾರಿಗೂ ಒಂದೇ ವಯಸ್ಸಾದರೆ ತೊಡಕೇನು?

ಪ್ರಶ್ನೆ: ಒಂದೇ ದೇಶದಲ್ಲಿ ಮತ ಹಾಕಲು ಒಂದು ವಯಸ್ಸು, ಕರಾರಿಗೆ ಇನ್ನೊಂದು, ಮದ್ಯಕ್ಕೆ ಮತ್ತೊಂದು. ಎಲ್ಲವನ್ನೂ 18ಕ್ಕೆ ತಂದುಬಿಟ್ಟರೆ ಗೊಂದಲ ಮುಗಿಯುವುದಿಲ್ಲವೇ?

ಉತ್ತರ (ಸಿವಿಲ್ ವಕೀಲರು): ಕರಾರು, ಆಸ್ತಿ, ದಾವೆ ಇವಿಷ್ಟಕ್ಕೆ ಒಂದೇ ವಯಸ್ಸು ಬೇಕೇ ಬೇಕು. ಹುಡುಗನ ಸಹಿ ನಾಳೆ ನಿಲ್ಲುತ್ತದೋ ಬಿದ್ದುಹೋಗುತ್ತದೋ ಎಂಬುದು ಎದುರಿನವನಿಗೆ ಇವತ್ತೇ ಗೊತ್ತಿರಬೇಕು. ಮದ್ಯ, ಜೂಜಿನ ಮಿತಿಗೆ ಆ ಕೆಲಸವಿಲ್ಲ. ಅದು ಇರುವುದು ಹಾನಿ ತಡೆಯಲು. ಎರಡನ್ನೂ ಒಂದೇ ಗೂಟಕ್ಕೆ ಕಟ್ಟಬೇಕಿಲ್ಲ ಅಂತ ನನ್ನ ಅಭಿಪ್ರಾಯ. ಜಪಾನ್ ಮಾಡಿದ್ದೂ ಹೀಗೇ. 1876ರಿಂದ 20 ಇದ್ದ ಪ್ರಾಪ್ತ ವಯಸ್ಸನ್ನು 2022ರ ಏಪ್ರಿಲ್ 1ರಂದು 18ಕ್ಕೆ ಇಳಿಸಿತು, ಹೆಣ್ಣಿನ ಮದುವೆಯ ವಯಸ್ಸನ್ನು ಅದೇ ದಿನ 16ರಿಂದ 18ಕ್ಕೆ ಏರಿಸಿತು. ಮದ್ಯ, ತಂಬಾಕು, ಕುದುರೆ ಜೂಜು ಮಾತ್ರ 20ರಲ್ಲೇ ಉಳಿದವು.

ಪ್ರಶ್ನೆ: 18 ತುಂಬುವ ಹಿಂದಿನ ದಿನ ಸಹಿ ಹಾಕಿದವನಿಗೆ ಪೂರ್ತಿ ರಕ್ಷಣೆ, ಮರುದಿನ ಹಾಕಿದವನಿಗೆ ಏನೂ ಇಲ್ಲ. ಇದು ಸರಿಯೇ?

ಉತ್ತರ (ಅದೇ ವಕೀಲರು): ಸರಿಯಲ್ಲ. ಸ್ಕಾಟ್ಲೆಂಡಿನ 1991ರ ಕಾನೂನು ಇದಕ್ಕೆ ಮೆಟ್ಟಿಲು ಕಟ್ಟಿದೆ. ಅಲ್ಲಿ 16 ತುಂಬಿದವರು ಸ್ವತಂತ್ರವಾಗಿ ವ್ಯವಹಾರ ಮಾಡಬಹುದು. ಆದರೆ 16, 17ರಲ್ಲಿ ಮಾಡಿದ ವ್ಯವಹಾರದಿಂದ ಗಣನೀಯ ನಷ್ಟವಾಗಿದ್ದು, ವಿವೇಕವುಳ್ಳ ವಯಸ್ಕ ಅದಕ್ಕೆ ಒಪ್ಪುತ್ತಿರಲಿಲ್ಲ ಎಂದಾದರೆ, 21 ತುಂಬುವ ಮೊದಲು ನ್ಯಾಯಾಲಯಕ್ಕೆ ಹೋಗಿ ರದ್ದು ಮಾಡಿಸಬಹುದು. ಎದುರು ಪಕ್ಷದವರಿಗೆ ಭಯವಿದ್ದರೆ ಎಲ್ಲರೂ ಸೇರಿ ಮೊದಲೇ ನ್ಯಾಯಾಲಯದ ಒಪ್ಪಿಗೆ ಪಡೆಯಬಹುದು. ಆಮೇಲೆ ಆ ವ್ಯವಹಾರವನ್ನು ಈ ಕಾರಣಕ್ಕೆ ಪ್ರಶ್ನಿಸುವಂತಿಲ್ಲ. ಅಂದಹಾಗೆ, ಅಲ್ಲಿ 12 ತುಂಬಿದರೆ ಉಯಿಲು ಬರೆಯಬಹುದು. ಉಯಿಲಿನಲ್ಲಿ ಎದುರು ಪಕ್ಷವೇ ಇಲ್ಲವಲ್ಲ, ಮೋಸ ಹೋಗುವ ಭಯ ಕಡಿಮೆ.

ಪ್ರಶ್ನೆ: ಮತದಾನವನ್ನು 16ಕ್ಕೆ ಇಳಿಸಿ, ಏಕರೂಪ ಇರಲಿ ಅಂತ ಉಳಿದದ್ದನ್ನೂ ಇಳಿಸಿದರೆ?

ಉತ್ತರ (ಮಕ್ಕಳ ಹಕ್ಕುಗಳ ಕ್ಷೇತ್ರದವರು): ದಯವಿಟ್ಟು ಬೇಡ. ವಿಶ್ವಸಂಸ್ಥೆಯ 1989ರ ಮಕ್ಕಳ ಹಕ್ಕುಗಳ ಒಡಂಬಡಿಕೆಯ 1ನೇ ವಿಧಿ 18ರೊಳಗಿನವರೆಲ್ಲ ಮಕ್ಕಳು ಎನ್ನುತ್ತದೆ, ಆದರೆ ಬಾಲವೊಂದಿದೆ: ಅನ್ವಯಿಸುವ ಕಾನೂನಿನಲ್ಲಿ ಪ್ರಾಪ್ತ ವಯಸ್ಸು ಅದಕ್ಕಿಂತ ಮೊದಲೇ ಬರದಿದ್ದರೆ ಮಾತ್ರ. ಪ್ರಾಪ್ತ ವಯಸ್ಸು 16 ಅಂತಾದರೆ 17ರ ಹುಡುಗಿ ‘ಮಗು’ವಿನ ವ್ಯಾಖ್ಯೆಯಿಂದಲೇ ಹೊರಗೆ ಬೀಳಬಹುದು. ಆಸ್ಟ್ರಿಯಾ 2007ರಲ್ಲಿ ಮತದಾನವನ್ನಷ್ಟೇ 16ಕ್ಕೆ ತಂದು ಪ್ರಾಪ್ತ ವಯಸ್ಸನ್ನು 18ರಲ್ಲೇ ಬಿಟ್ಟಿತು. ಅದು ಜಾಣತನ.

ಪ್ರಶ್ನೆ: ಸರ್ಕಾರ ವಯಸ್ಸು ಬದಲಿಸಿದರೆ ನಮ್ಮ ಹಳೇ ಕಾಗದಪತ್ರಗಳ ಗತಿ?

ಉತ್ತರ (ಸಿವಿಲ್ ವಕೀಲರು): ಜಗಳ ಹುಟ್ಟುವುದೇ ಅಲ್ಲಿ. ಉಯಿಲಿನಲ್ಲಿ ‘ಮೊಮ್ಮಗ ಪ್ರಾಪ್ತ ವಯಸ್ಕನಾದಾಗ ಹಣ ಕೊಡತಕ್ಕದ್ದು’ ಅಂತ ಬರೆದಿದೆ ಎನ್ನಿ. ಬರೆದಾತನ ಮನಸ್ಸಿನಲ್ಲಿ 21 ಇತ್ತು, ಈಗ ಕಾನೂನು 18 ಎನ್ನುತ್ತದೆ. ಪ್ರಾಪ್ತ ವಯಸ್ಸನ್ನು 21ರಿಂದ 18ಕ್ಕೆ ಇಳಿಸಿದ ಇಂಗ್ಲೆಂಡಿನ 1969ರ ಕಾಯ್ದೆ ಇದನ್ನು ಮೊದಲೇ ಊಹಿಸಿತ್ತು: 1970ರ ಜನವರಿ 1ಕ್ಕೆ ಮುಂಚಿನ ಉಯಿಲುಗಳಲ್ಲಿ ಆ ಪದಕ್ಕೆ ಹಳೇ ಅರ್ಥವೇ. ಆಮೇಲೆ ಪೂರಕ ಉಯಿಲು ಬರೆದು ಹಳೆಯದನ್ನು ದೃಢಪಡಿಸಿದರೂ, ಅಷ್ಟಕ್ಕೇ ಅದು ಹೊಸದಾಗುವುದಿಲ್ಲ. ಜಪಾನಿನಲ್ಲಿ ವಿಚ್ಛೇದನದ ಒಪ್ಪಂದಗಳದ್ದು ಇದೇ ಕಥೆ. ‘ವಯಸ್ಕನಾಗುವವರೆಗೆ ಜೀವನಾಂಶ’ ಎಂದು ಬದಲಾವಣೆಗೆ ಮುಂಚೆ ಬರೆದಿದ್ದರೆ ಅದನ್ನು 20ರವರೆಗೆ ಎಂದೇ ಓದಬೇಕು ಎಂಬುದು ಅಲ್ಲಿನ ನ್ಯಾಯ ಸಚಿವಾಲಯದ ನಿಲುವು.

ಆದ್ದರಿಂದ ಪತ್ರದಲ್ಲಿ ‘ಪ್ರಾಪ್ತ ವಯಸ್ಕ’ ಎಂಬ ಪದವನ್ನೇ ಬಿಡಿ. ‘22 ವರ್ಷ ತುಂಬಿದ ದಿನ’ ಅಂತ ಅಂಕಿ ಹಾಕಿ, ಜನ್ಮದಿನಾಂಕವನ್ನೂ ಬರೆಯಿರಿ.

ಪ್ರಶ್ನೆ: ‘ತುಂಬಿದ ದಿನ’ ಅಂದರೆ ಹುಟ್ಟುಹಬ್ಬದ ದಿನವೋ, ಮರುದಿನವೋ?

ಉತ್ತರ (ಅದೇ ವಕೀಲರು): ಒಳ್ಳೇ ಪ್ರಶ್ನೆ. ಇಂಗ್ಲೆಂಡಿನ ಹಳೇ ರೂಢಿಯಲ್ಲಿ ಹುಟ್ಟುಹಬ್ಬದ ಹಿಂದಿನ ದಿನವೇ ವಯಸ್ಸು ತುಂಬುತ್ತಿತ್ತು! 1969ರ ಕಾಯ್ದೆ ಅದನ್ನು ಹುಟ್ಟುಹಬ್ಬದ ದಿನದ ಆರಂಭಕ್ಕೆ ತಂದಿತು. ಫೆಬ್ರವರಿ 29ರಂದು ಹುಟ್ಟಿದವರಿಗೆ ಅಧಿಕವಲ್ಲದ ವರ್ಷದಲ್ಲಿ ಇಂಗ್ಲೆಂಡಿನಲ್ಲಿ ಮಾರ್ಚ್ 1, ನ್ಯೂಜಿಲೆಂಡಿನಲ್ಲಿ ವಾಹನ ಚಾಲನಾ ಪರವಾನಗಿಯ ಮಟ್ಟಿಗೆ ಫೆಬ್ರವರಿ 28. ಅಂಥವರಿದ್ದರೆ ಹಣ ಕೊಡುವ ದಿನಾಂಕವನ್ನೇ ನೇರವಾಗಿ ನಮೂದಿಸಿ.