ಪದಚರ್ಚೆ: ಮಂಡಿಯ ಕಂಪ್ಯೂಟರಿನಲ್ಲಿ ‘ಸರಕು’ ಅಂದರೆ ಯಾವುದು?

ಬಳಗದ ಎಲ್ಲರಿಗೂ ನಮಸ್ಕಾರ.

ಶಿವಮೊಗ್ಗದ ಅಡಿಕೆ ಮಂಡಿಗಳಿಗಾಗಿ ಸಿದ್ಧವಾಗುತ್ತಿರುವ ಒಂದು ಲೆಕ್ಕಪತ್ರದ ತಂತ್ರಾಂಶವನ್ನು ಕನ್ನಡಕ್ಕೆ ತರುವಾಗ ಕೆಲವು ಪದಗಳ ಬಗ್ಗೆ ಗೊಂದಲವಿದೆ. ‘ಇನ್ಫರ್ಮೇಶನ್ ಸಿಸ್ಟಂ’ಗೆ ‘ಮಾಹಿತಿ ವ್ಯವಸ್ಥೆ’ ಸಾಕೆ? ಡೇಟಾ ಅಂದರೆ ದತ್ತಾಂಶವೋ ಮಾಹಿತಿಯೋ? ಸದ್ಯಕ್ಕೆ ಲಾಟ್‌ಗೆ (ಒಂದೇ ನಂಬರಿನಲ್ಲಿ ಮಾರಾಟಕ್ಕಿಡುವ ಮಾಲಿಗೆ) ‘ರಾಶಿ’, ಗೂಡ್ಸ್‌ಗೆ ‘ಸರಕು’, ಬ್ಯಾಲೆನ್ಸ್‌ಗೆ ‘ಬಾಕಿ’, ಡಿಲೀಟ್ ಮತ್ತು ಕ್ಯಾನ್ಸಲ್ ಎರಡಕ್ಕೂ ‘ತೆಗೆದುಹಾಕಿ’ ಎಂದು ಹಾಕಿದೆ. ಬಲ್ಲವರು ತಿದ್ದಿಕೊಡಬೇಕು.

ಉತ್ತರ 1

ಮೊದಲು ‘ರಾಶಿ’, ‘ಸರಕು’ ಎರಡನ್ನೂ ಪರದೆಯಿಂದ ತೆಗೆಸಿ, ಉಳಿದದ್ದು ಆಮೇಲೆ. ನಿಘಂಟಿನ ಪ್ರಕಾರ ಎರಡೂ ಸರಿಯಾದ ಪದಗಳೇ. ಆದರೆ ಶಿವಮೊಗ್ಗ ಪೇಟೆಯ ಧಾರಣೆ ಪಟ್ಟಿ ಬಲ್ಲವರಿಗೆ ಸರಕು, ಬೆಟ್ಟೆ, ರಾಶಿ, ಗೊರಬಲು ಎಂಬ ನಾಲ್ಕೂ ಅಡಿಕೆಯ ದರ್ಜೆಯ ಹೆಸರುಗಳು. ಸರಕಿಗೆ ಎಲ್ಲಕ್ಕಿಂತ ಹೆಚ್ಚು ದರ, ಗೊರಬಲಿಗೆ ಕಡಿಮೆ. ಹೀಗಿರುವಾಗ ‘ರಾಶಿ ಸಂಖ್ಯೆ: 214, ಸರಕಿನ ವಿವರ: ಬೆಟ್ಟೆ’ ಎಂದು ಪರದೆಯಲ್ಲಿ ಬಂದರೆ ಗುಮಾಸ್ತರು ಏನೆಂದು ಓದಬೇಕು? ಒಂದೇ ಸಾಲಿನಲ್ಲಿ ಮೂರು ದರ್ಜೆ ಕಾಣುತ್ತವೆ. ದರ್ಜೆ ತಪ್ಪಿದರೆ ದರ ತಪ್ಪುತ್ತದೆ, ದಾಸ್ತಾನು ಪುಸ್ತಕದಲ್ಲಿ ಒಂದು ದರ್ಜೆ ಹೆಚ್ಚಾಗಿ ಇನ್ನೊಂದು ಕಡಿಮೆ ತೋರಿಸುತ್ತದೆ. ಒಟ್ಟು ತೂಕ ಮಾತ್ರ ಸರಿಯಾಗಿಯೇ ಇರುವುದರಿಂದ ಈ ತಪ್ಪು ಬೇಗ ಸಿಕ್ಕುವುದೂ ಇಲ್ಲ.

ಲಾಟ್‌ಗೆ ‘ಲಾಟು’ ಎಂದೇ ಇಡಿ, ಎಪಿಎಂಸಿಯಲ್ಲಿ (ಕೃಷಿ ಉತ್ಪನ್ನ ಮಾರುಕಟ್ಟೆಯಲ್ಲಿ) ಬಳಕೆಯಲ್ಲಿರುವುದೂ ಅದೇ. ಗೂಡ್ಸ್‌ಗೆ ‘ಮಾಲು’ ಒಪ್ಪುತ್ತದೆ. ‘ಸರಕು ಮತ್ತು ಸೇವಾ ತೆರಿಗೆ’ ಎಂಬುದು ಕಾನೂನಿನ ಹೆಸರು, ಅದನ್ನು ಮುಟ್ಟುವಂತಿಲ್ಲ. ಪರದೆಯ ಮೇಲೆ ‘ಜಿಎಸ್‌ಟಿ’ ಎಂದು ಹಾಕಿದರೆ ಅಲ್ಲಿಯೂ ಗೊಂದಲ ತಪ್ಪುತ್ತದೆ.

ಇನ್ನು ಡೇಟಾ. ಲ್ಯಾಟಿನ್ನಿನಲ್ಲಿ ಅದರ ಅರ್ಥ ‘ಕೊಟ್ಟವು’. ‘ದತ್ತ’ ಅಂದರೂ ಕೊಟ್ಟದ್ದು. ದತ್ತಾಂಶ ಹಾಗೆ ಹುಟ್ಟಿದ ಪದ, ಪಠ್ಯಪುಸ್ತಕಕ್ಕೆ ಚೆನ್ನಾಗಿದೆ. ‘ಮಾಹಿತಿ’ ಮರಾಠಿಯಲ್ಲೂ ಇದೇ ಅರ್ಥದಲ್ಲಿರುವ ಪದ. ವ್ಯತ್ಯಾಸ ಹೀಗೆ: ತೂಕದ ಯಂತ್ರ ತೋರಿಸುವ 68.5 ದತ್ತಾಂಶ. ಅದು ಯಾರ ಲಾಟು, ಯಾವ ದರ್ಜೆ, ಯಾವ ದಿನದ್ದು ಎಂದು ಸೇರಿದಾಗ ಮಾಹಿತಿ. ಮಂಡಿಯ ಪರದೆಗೆ ಇವೆರಡೂ ಬೇಕಿಲ್ಲ. ‘ಡೇಟಾ ಎಂಟ್ರಿ’ಗೆ ‘ನಮೂದು’, ‘ಪೋಸ್ಟಿಂಗ್’ಗೆ ‘ಖತಾವಣಿ’, ‘ಸಮ್ಮರಿ ರಿಪೋರ್ಟ್’ಗೆ ‘ಗೋಷ್ವಾರೆ’, ‘ರಿಮಾರ್ಕ್ಸ್’ಗೆ ‘ಷರಾ’, ದಿನವಹಿಗೆ ‘ಕಿರ್ದಿ’ ಎಂಬ ಪದಗಳು ಕಂಪ್ಯೂಟರ್ ಬರುವ ಮೊದಲೇ ಇದ್ದವು. ಭೂಮಿ ಯೋಜನೆಯಲ್ಲಿ ಜಮೀನಿನ ದಾಖಲೆ ಕಂಪ್ಯೂಟರಿಗೆ ಬಂದಾಗಲೂ ಪಹಣಿ ಪಹಣಿಯಾಗಿಯೇ ಉಳಿಯಿತು. ಅದು ಸರಿಯಾದ ದಾರಿ.

‘ಮಾಹಿತಿ ವ್ಯವಸ್ಥೆ’ ಕೈಪಿಡಿಯ ಮುನ್ನುಡಿಯಲ್ಲಿ ಇರಲಿ, ಆದರೆ ಅಲ್ಲಿ ಒಂದು ವಿವರಣೆ ಬೇಕು. ಮಂಡಿಯಲ್ಲಿ ‘ಸಿಸ್ಟಂ’ ಅಂದರೆ ಮೇಜಿನ ಮೇಲಿನ ಕಂಪ್ಯೂಟರ್: ‘ಸಿಸ್ಟಂಗೆ ಹಾಕಿ’, ‘ಸಿಸ್ಟಂ ಆನ್ ಆಗ್ತಿಲ್ಲ’. ವ್ಯವಸ್ಥೆಯಲ್ಲಿ ಅದು ಒಂದು ಭಾಗ ಮಾತ್ರ. ಗೇಟಿನಲ್ಲಿ ಆವಕ (ಒಳಗೆ ಬಂದ ಮಾಲು) ಬರೆದು ಲಾಟು ನಂಬರ್ ಕೊಡುವುದು, ಇ-ಟೆಂಡರಿನಲ್ಲಿ ವ್ಯಾಪಾರಿಗಳು ದರ ಹಾಕುವುದು, ಹೆಚ್ಚಿನ ದರಕ್ಕೆ ಬೆಳೆಗಾರರು ಒಪ್ಪುವುದು, ತೂಕ, ಬಿಲ್ಲು, ಪಾವತಿ, ಇಷ್ಟನ್ನೂ ಮಾಡುವ ಜನ, ನಿಯಮ, ಚೀಟಿ, ಯಂತ್ರ ಎಲ್ಲ ಸೇರಿ ವ್ಯವಸ್ಥೆ. ಅದೇ ಬಿಲ್ಲುಗಳಿಂದ ಸಂಜೆಗೆ ಆವಕದ ಗೋಷ್ವಾರೆ ಬರುತ್ತದೆ. ಮುಂಗಡ ಯಾರಿಗೆ ಎಷ್ಟು ಕೊಡಬಹುದೆಂದು ಆಡಳಿತದವರು ತೀರ್ಮಾನಿಸುವುದು ಆ ಗೋಷ್ವಾರೆ ನೋಡಿಯೇ.

ಬ್ಯಾಲೆನ್ಸ್‌ಗೆ ಒಂದೇ ಪದ ಸಾಲದು. ಪೆಟ್ಟಿಗೆಯಲ್ಲಿ ಉಳಿದದ್ದು ‘ಶಿಲ್ಕು’: ಬೆಳಿಗ್ಗೆಯದು ಆರಂಭ ಶಿಲ್ಕು, ಸಂಜೆಯದು ಅಖೈರು ಶಿಲ್ಕು. ಬರಬೇಕಾದದ್ದು, ಕೊಡಬೇಕಾದದ್ದು ‘ಬಾಕಿ’. ನಗದು ಪುಸ್ತಕದಲ್ಲಿ ‘ಬಾಕಿ 40,000’ ಎಂದು ಕಂಡರೆ ಯಾರೋ ಕೊಡಬೇಕು ಎಂದೇ ಓದುತ್ತಾರೆ.

ತೂಕದ ಕಾಲಮ್ಮನ್ನೂ ಒಮ್ಮೆ ನೋಡಿ. ಬರೀ ‘ತೂಕ’ ಎಂದು ಹಾಕಬೇಡಿ. ‘ಚೀಲ ಸೇರಿ ತೂಕ’, ‘ಚೀಲದ ತೂಕ’, ‘ನಿವ್ವಳ ತೂಕ’ ಎಂದು ಮೂರು ಕಾಲಂ ಬೇಕು. ಚೀಲವೊಂದಕ್ಕೆ 1 ಕೆಜಿ ಎಂದಿಟ್ಟುಕೊಳ್ಳಿ, 40 ಚೀಲದ ಲಾಟಿನಲ್ಲಿ 40 ಕೆಜಿ ಕಳೆಯದೆ ಉಳಿದರೆ, ಕ್ವಿಂಟಾಲಿಗೆ 45,000 ದರದಲ್ಲಿ 18,000 ರೂಪಾಯಿ ಹೆಚ್ಚಿಗೆ ಬಿಲ್ಲಾಗುತ್ತದೆ.

ಡಿಲೀಟ್‌ಗೆ ‘ಅಳಿಸಿ’, ಕ್ಯಾನ್ಸಲ್‌ಗೆ ‘ರದ್ದುಮಾಡಿ’. ಇದು ಬರೀ ಪದದ ರುಚಿಯ ವಿಷಯವಲ್ಲ. ರದ್ದಾದ ಬಿಲ್ಲಿನ ನಂಬರ್ ಪುಸ್ತಕದಲ್ಲಿ ಉಳಿಯುತ್ತದೆ, ಮೊತ್ತ ಸೊನ್ನೆಯಾಗುತ್ತದೆ. ಅಳಿಸಿದ್ದು ಗುರುತಿಲ್ಲದೆ ಹೋಗುತ್ತದೆ; ಬಿಲ್ಲಿನ ಸರಣಿಯಲ್ಲಿ ನಂಬರ್ ತಪ್ಪಿ ಲೆಕ್ಕ ತಪಾಸಣೆಯವರು ಕೇಳಿದಾಗ ಉತ್ತರ ಇರುವುದಿಲ್ಲ. ಟ್ಯಾಲಿ ಎಂಬ ಲೆಕ್ಕಪತ್ರದ ತಂತ್ರಾಂಶದಲ್ಲಿ ಇವಕ್ಕೆ ಬೇರೆ ಬೇರೆ ಕೀಲಿಗಳೇ ಇವೆ: ಆಲ್ಟ್ ಜೊತೆ ಡಿ ಒತ್ತಿದರೆ ಅಳಿಸುತ್ತದೆ, ಆಲ್ಟ್ ಜೊತೆ ಎಕ್ಸ್ ಒತ್ತಿದರೆ ರದ್ದಾಗುತ್ತದೆ. ಹುಣಿಸೆಬೀಜದ ಅಂಟು, ಇದ್ದಿಲ ಪುಡಿ ಬಳಿದ ಬಟ್ಟೆಯ ಹಳೆಯ ಕಡತದಲ್ಲಿ ಬಳಪದಿಂದ ಬರೆದದ್ದನ್ನು ಒರೆಸಿ ಮತ್ತೆ ಬರೆಯಬಹುದಿತ್ತು. ಇಂದಿನ ಲೆಕ್ಕಕ್ಕೆ ಆ ಸೌಕರ್ಯ ಸಲ್ಲದು.

ಉತ್ತರ 2

ಮೇಲಿನದಕ್ಕೆ ಎರಡು ಸೇರ್ಪಡೆ.

ರಿಕನ್ಸಿಲಿಯೇಶನ್‌ಗೆ, ಅಂದರೆ ಎರಡು ಲೆಕ್ಕ ಹೋಲಿಸಿ ಹೊಂದಿಸುವುದಕ್ಕೆ, ‘ಸಮನ್ವಯ’ ಎಂದು ಹಾಕುವವರಿದ್ದಾರೆ. ಮಂಡಿಯವರಿಗೆ ಅದು ಸಭೆಯ ಮಾತಿನಂತೆ ಕೇಳಿಸುತ್ತದೆ. ‘ತಾಳೆ’ ಇದೆಯಲ್ಲ: ಬ್ಯಾಂಕ್ ತಾಳೆ, ದಾಸ್ತಾನು ತಾಳೆ, ‘ತಾಳೆ ನೋಡಿ’, ‘ತಾಳೆಯಾಗಲಿಲ್ಲ’. ಟ್ಯಾಲಿಯಿಂದ ತಾಳೆ ಬಂತು ಎಂಬ ಮಾತು ಆಗಾಗ ಕೇಳಿಬರುತ್ತದೆ, ಅದು ಸರಿಯಲ್ಲ. ಇಂಗ್ಲಿಷಿನ ಟ್ಯಾಲಿಗೆ ಮೂಲ ಲ್ಯಾಟಿನ್ನಿನ ‘ತಾಲೆಯಾ’, ಗೀರು ಹಾಕಿ ಲೆಕ್ಕವಿಡುತ್ತಿದ್ದ ಕೋಲು. ನಮ್ಮ ತಾಳೆಯ ನಂಟು ಹತ್ತಿರದಲ್ಲೇ ಇದೆ, ಮರಾಠಿಯವರು ಆಢಾವೆ ಪತ್ರಿಕೆಗೆ (ಬ್ಯಾಲೆನ್ಸ್ ಶೀಟ್‌ಗೆ) ‘ತಾಳೇಬಂದ’ ಅನ್ನುತ್ತಾರೆ.

ಎರಡನೆಯದು ದಿನಾಂಕ. ಆಗುಂಬೆ, ತೀರ್ಥಹಳ್ಳಿ, ಹೊಸನಗರದ ಕಡೆ ಮಳೆಗಾಲದಲ್ಲಿ ಕರೆಂಟು, ನೆಟ್‌ವರ್ಕ್ ಎರಡೂ ಹೋಗುತ್ತವೆ. ಅಂಥ ದಿನ ಬಿಲ್ಲು ಕೈಯಲ್ಲಿ ಬರೆದು, ಕರೆಂಟು ಬಂದ ಮೇಲೆ ನಮೂದಿಸುವುದೇ ದಾರಿ. ಪರದೆಯಲ್ಲಿ ಬರೀ ‘ದಿನಾಂಕ’ ಎಂದಿದ್ದರೆ ನಮೂದಿಸಿದ ದಿನವೇ ಕೂತುಬಿಡುತ್ತದೆ. ಜುಲೈ 31ರ ಮಾರಾಟ ಆಗಸ್ಟ್ 2ಕ್ಕೆ ಹೋದರೆ ದರವೂ ಬೇರೆ, ಜಿಎಸ್‌ಟಿಯ ತಿಂಗಳೂ ಬೇರೆ. ತಿಂಗಳಿಗೊಮ್ಮೆ ಜಿಎಸ್‌ಟಿ ವಿವರ ಸಲ್ಲಿಸುವವರ ಮಾರಾಟದ ವಿವರ ಮುಂದಿನ ತಿಂಗಳ 11ರೊಳಗೆ ಹೋಗಬೇಕಾದ್ದರಿಂದ ಅದಕ್ಕೆ ಮೊದಲು ತಿದ್ದಲು ಸಿಗುವುದು ಹತ್ತೇ ದಿನ. ‘ವ್ಯಾಪಾರದ ದಿನಾಂಕ’, ‘ನಮೂದಿನ ದಿನಾಂಕ’ ಎಂದು ಎರಡು ಕಾಲಂ ಮಾಡಿಸಿ. ಮೊದಲನೆಯದು ಕೈಬಿಲ್ಲು ನೋಡಿ ತುಂಬುವಂತಿರಲಿ, ಎರಡನೆಯದನ್ನು ಯಂತ್ರವೇ ಹಾಕಿಕೊಳ್ಳಲಿ. ಕೈಬಿಲ್ಲಿನ ನಂಬರನ್ನು ಷರಾದಲ್ಲಿ ಬರೆದಿಟ್ಟರೆ ತಾಳೆ ನೋಡುವಾಗ ಹುಡುಕಾಟ ತಪ್ಪುತ್ತದೆ.